ಎಡಗೆನ್ನೆಯ ಮದ್ದು, ಹೆಗಲ ಮೇಲಿನ ಕೆಂಪು

ಕೋಕಾರ್ ದ್ವೀಪ, ಆಲಂಡ್
ಜೂನ್ ಹದಿನೇಳು, ದೋಣಿಮನೆಯ ನೆರಳಿನಿಂದ

ನನ್ನ ಎಡ್ಲಾ,

ಹೇಗಿದ್ದೀಯೆ? ತುರ್ಕುವಿನಲ್ಲಿ ನಿನ್ನಕ್ಕ ಸಿಗ್ನೆಯ ಸೊಂಟದ ಮೂಳೆ ಕೂಡುತ್ತಿದೆಯೇ? ಅವಳಿಗೆ ಸೂಪು ಕುಡಿಸುವ ಭರದಲ್ಲಿ ನಿನ್ನ ಊಟ ಮರೆಯಬೇಡ, ಆ ಮೊಣಕಾಲಿಗೆ ಮೆಟ್ಟಿಲುಗಳ ಶಿಕ್ಷೆಯನ್ನೂ ಕೊಡಬೇಡ. ಇಲ್ಲಿ ಕೋಳಿಗಳು ಕ್ಷೇಮ, ದೋಣಿ ಕ್ಷೇಮ. ಇನ್ನು ನಾನು? ಪರದೆ ಸರಿಸುತ್ತೇನೆ, ಎದೆ ಗಟ್ಟಿ ಮಾಡಿಕೊಂಡು ನೋಡು!

ನಿನ್ನ ಗಂಡನ ಎಡಗೆನ್ನೆ ಹೇಳದೆ ಕೇಳದೆ ರಂಗದಿಂದ ನಿರ್ಗಮಿಸಿಬಿಟ್ಟಿದೆ. ಹೋದ ವಾರ ಬೆಳಿಗ್ಗೆ ಕಾಫಿ ಕುಡಿಯಲು ಹೋದರೆ ತುಟಿಯ ಮೂಲೆಯಿಂದ ಎಲ್ಲ ಗದ್ದಕ್ಕೆ ಸುರಿಯಿತು. ಕನ್ನಡಿಯಲ್ಲಿ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ನಿದ್ದೆಹೋದ ಯಾರೋ ಅಪರಿಚಿತ. ಆರೋಗ್ಯ ಕೇಂದ್ರದ ಡಾಕ್ಟರ್ ಈಲ್ವಾ ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: ಹುಲ್ಲಿನಲ್ಲಿರುವ ರಕ್ತ ಹೀರುವ ಉಣುಗು ಯಾವಾಗಲೋ ಕಚ್ಚಿದೆ, ಅದರ ರೋಗ ಮುಖದ ನರಕ್ಕೆ ಏರಿದೆ. ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರು. "ಮಧ್ಯದಲ್ಲಿ ಬಿಟ್ರೆ ಆ ಕೆನ್ನೆ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಬಿಸಿಲಿಗಂತೂ ಹೋಗ್ಲೇಬೇಡಿ," ಎಂದರು. ಮಧ್ಯಬೇಸಿಗೆಯ ಹಬ್ಬದ ಆಟದಲ್ಲಿ ಸಮುದ್ರರಾಜನಾಗಿ ಗರ್ಜಿಸುವ ಈ ಮುಖ ಇನ್ನು ಮುಂದೆ ಅರ್ಧವೇ ಉಳಿದೀತೆ ಎಂದು ನಡುಗಿದೆ.

ಆದರೆ ಬಿಸಿಲಿಗೆ ಹೆದರುವುದೆಂದರೇನು, ನೀನೇ ಹೇಳು! ಚಳಿಗಾಲವಿಡೀ ದೀಪದ ಬೆಳಕಿನಲ್ಲೇ ಬದುಕಿದ ಈ ದ್ವೀಪದಲ್ಲಿ ಬಂದ ಬಿಸಿಲಿಗೆ ಬಾಗಿಲು ಹಾಕಿದವರು ಯಾರಿದ್ದಾರೆ? ಆ ಮಾತು ಪ್ರವಾಸಿಗರಿಗಿರಬೇಕು ಎಂದುಕೊಂಡೆ. ಹಬ್ಬದ ದಿನ ನಿಲ್ಲಿಸುವ ಹಾಯಿಕಂಬ ಇನ್ನೂ ಬಂಡೆಯ ಮೇಲೆ ಮಲಗಿತ್ತು, ಅದರ ಪುಟ್ಟ ಹಾಯಿಗಳಿಗೆ ಬಣ್ಣ ಹಚ್ಚಬೇಕಿತ್ತು. ಎಲ್ಲರಂತೆ ನಾನೂ ಅಂಗಿ ಕಳಚಿ, ಬರಿಮೈ ಮೇಲೆ ಪ್ಯಾಂಟಿನ ಸಸ್ಪೆಂಡರ್ ಪಟ್ಟಿಗಳನ್ನು ಹೆಗಲಿಗೇರಿಸಿ ಕುಳಿತೆ. ಎಡ್ಲಾ, ಅದೆಂಥ ಹಗಲು! ಕಡಲು ಹಾಲಿನ ಹಾಗೆ ಅಲುಗದೆ ನಿಂತಿತ್ತು. ದೋಣಿಗೆ ಬಳಿದ ಡಾಂಬರಿನ ವಾಸನೆಯೊಳಗೆ ಜುನಿಪರ್ ಪೊದೆಯ ವಾಸನೆ ಬೆರೆತು, ಬೆಳಕು ನನ್ನ ಮೈಯೊಳಗೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಟು ಹೋಗುತ್ತಿದೆಯೇನೋ ಎನಿಸುತ್ತಿತ್ತು. ಕುಂಚ ತಾನಾಗಿಯೇ ಓಡುತ್ತಿತ್ತು. ಹಗಲುಗನಸಿನಲ್ಲಿ ಆ ಹಾಯಿಗಳಡಿ ನೀನೂ ನಾನೂ ಎಲ್ಲಿಗೋ ತೇಲಿ ಹೋಗುತ್ತಿದ್ದೆವು, ನನ್ನ ಮುಖ ಇಡಿಯಾಗಿತ್ತು.

ಮರುದಿನ ಎದ್ದರೆ ಕುತ್ತಿಗೆ, ಹೆಗಲು, ಅಂಗೈ ಹಿಂಬದಿ ಎಲ್ಲ ಕೆಂಪು, ಕೆಂಡದ ಉರಿ! ಮೊಟ್ಟೆ ತೆಗೆದುಕೊಂಡು ಹೋಗಲು ಬಂದ ಪಕ್ಕದ ಮನೆಯ ಹಿಲ್ಡೂರ್ ಬಾಗಿಲಲ್ಲೇ ಕಿರುಚಿದಳು: "ಅಯ್ಯೋ ರೂನಾರ್, ಬೇಯಿಸಿದ ಸೀಗಡಿ ಆಗಿದ್ದೀಯಲ್ಲೋ! ಇದು ಮಾತ್ರೆ ಅಲರ್ಜಿ. ನಮ್ಮಣ್ಣಂಗೂ ಹಿಂಗೇ ಆಗಿತ್ತು. ಮೊದ್ಲು ಅದನ್ನ ಒಲೆಗೆ ಹಾಕು!" ನಾನು ಒಲೆಯ ಮುಚ್ಚಳ ಎತ್ತಿಯೇಬಿಟ್ಟೆ. ಮಾತ್ರೆ ನುಂಗಿದರೆ ಚರ್ಮ ಹೋಗುತ್ತದೆ, ಬಿಟ್ಟರೆ ಕೆನ್ನೆ ಹೋಗುತ್ತದೆ. ಯಾವ ನಾಟಕದ ರಾಜನಿಗೂ ಇಂಥ ಪೇಚು ಬಂದಿರಲಿಕ್ಕಿಲ್ಲ. ಕೈ ಮಾತ್ರ ಮಾತ್ರೆಯ ಡಬ್ಬಿಯನ್ನು ಬಿಡಲಿಲ್ಲ. ಹಿಲ್ಡೂರ್ ಗೊಣಗುತ್ತಿದ್ದಂತೆಯೇ ಡಾಕ್ಟರಿಗೆ ಫೋನ್ ಮಾಡಿದೆ.

ಅವರು ಕೂಡಲೇ ಕರೆಸಿಕೊಂಡು ಮೊದಲು ಬಾಯಿ ನೋಡಿದರು, ಉಸಿರು ಕೇಳಿದರು. ಅಂಗಿ ತೆಗೆಸಿ ನನ್ನ ಬೆನ್ನು ನೋಡಿದವರೇ ನಗಲು ಶುರುಮಾಡಿದರು. ಸುತ್ತಲೂ ಕೆಂಪು, ನಡುವೆ ಸಸ್ಪೆಂಡರ್ ಪಟ್ಟಿಯಷ್ಟಗಲ ಹಾಲಿನಂಥ ಬಿಳಿ ಗೆರೆಗಳು! ವಾಚ್ ಕಟ್ಟುವಲ್ಲೂ ಹಾಗೆಯೇ. "ಅಲರ್ಜಿಗೆ ನಿಮ್ಮ ಸಸ್ಪೆಂಡರ್ ಮೇಲೆ ಅಂಥಾ ಮರ್ಯಾದೆ ಇರಲ್ಲ ರಾಜರೇ, ಅದು ಪಟ್ಟಿ ಕೆಳಗೂ ನುಗ್ತಿತ್ತು. ಈ ಮಾತ್ರೆ ತಗೊಂಡವರನ್ನ ಬಿಸಿಲು ಹಿಂಗೇ ಸುಡುತ್ತೆ," ಎಂದರು. ಆಮೇಲೆ ನಗು ನಿಲ್ಲಿಸಿ ಗದರಿದರು: "ತುಟಿ ಊದಿದ್ರೆ, ಉಸಿರು ಕಟ್ಟಿದ್ರೆ, ಬಾಯಲ್ಲಿ ಗುಳ್ಳೆ ಎದ್ರೆ ಒಂದು ಕ್ಷಣಾನೂ ಕಾಯ್ಬೇಡಿ, ಫೋನ್ ಮಾಡಿ. ಆದ್ರೆ ಪಕ್ಕದ್ಮನೆ ಕೇಳ್ಕೊಂಡು ಮಾತ್ರೆ ಬಿಟ್ರೆ ನಾನೇ ಬಂದು ನುಂಗಿಸ್ತೀನಿ!"

ಈಗ ಮಾತ್ರೆ ನಡೆದಿದೆ, ಉರಿ ಇಳಿಯುತ್ತಿದೆ. ತುಂಬುತೋಳಿನ ಅಂಗಿ ತೊಟ್ಟು, ನಿನ್ನ ರಿಬ್ಬನ್ನಿನ ಹುಲ್ಲುಟೋಪಿ ಹಾಕಿಕೊಂಡು ಕೂತಿದ್ದೇನೆ. ಹೊರಗೆ ಬೆಳಕಿನಲ್ಲಿ ಜನ ಕನಸಿನವರ ಹಾಗೆ ಸದ್ದಿಲ್ಲದೆ ಓಡಾಡುತ್ತಿದ್ದಾರೆ. ಸಮುದ್ರರಾಜನ ಪಾತ್ರ ವಾಲ್ಫ್ರಿಡ್‌ನ ಪಾಲಾಗಿದೆ. ಅವನ ಗರ್ಜನೆ ಮುಂದಿನ ಸಾಲಿಗೂ ತಲುಪುವುದಿಲ್ಲ, ಪಾಪ. ನೀನೇನೂ ಅವಸರ ಮಾಡಬೇಡ. ಸಿಗ್ನೆ ಓಡಾಡುವಂತಾಗುವವರೆಗೆ ಅಲ್ಲೇ ಇರು. ಅವಳಿಗೆ ನನ್ನ ಪ್ರೀತಿ ಹೇಳು, ದೇವರು ನಿಮ್ಮಿಬ್ಬರನ್ನೂ ಕಾಯಲಿ.

ತಾತ್ಕಾಲಿಕವಾಗಿ ಪದಚ್ಯುತನಾದ ನಿನ್ನ ರಾಜ,
ರೂನಾರ್

ತಾ.ಕ.: ಅಂಚೆ ದೋಣಿ ಕೂಗುತ್ತಿದೆ, ಬೇಗ ಬರೆಯುತ್ತೇನೆ. ಎಡಗಣ್ಣು ಮುಚ್ಚುವುದಿಲ್ಲ, ಎಡ್ಲಾ. ಮಲಗುವಾಗ ನಾನೇ ಬೆರಳಿನಿಂದ ರೆಪ್ಪೆ ಕೆಳಗೆಳೆದು ಪಟ್ಟಿ ಅಂಟಿಸಿಕೊಳ್ಳುತ್ತೇನೆ. ಸತ್ತವರಿಗೆ ಮಾಡಿದ ಹಾಗೆ ಅನಿಸುತ್ತದೆ. ಅವಸರ ಬೇಡ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಸಿಗ್ನೆಯ ಕ್ಷಮೆ ಕೇಳಿ ಮೊದಲು ಸಿಕ್ಕ ಹಡಗು ಹತ್ತು. ಈ ರೆಪ್ಪೆಯನ್ನು ನೀನು ಮುಚ್ಚಿದರೆ ಅದಕ್ಕೆ ನಿದ್ದೆ ಎನ್ನಬಹುದು.