ಗೇಟಿಗಿಂತ ಮೊದಲೇ ನಕ್ಕವಳು

ಜೂನ್ 3, ಸೋಮವಾರ

ಅಂಕಣ ಕಳುಹಿಸಿ ಆಯಿತು. ಇದ್ದ ಎರಡು ಜೋಕುಗಳಲ್ಲಿ ಒಂದನ್ನು ಸಂಪಾದಕರು ಕತ್ತರಿಸಿದ್ದಾರೆ. ಇನ್ನೊಂದು ಜೋಕೆಂದು ಅವರಿಗೆ ತಿಳಿಯಲಿಲ್ಲ, ಬಚಾವಾಯಿತು.

ಮಧ್ಯಾಹ್ನ ಅಂಬಲಪಾಡಿಯಿಂದ ಮಣಿಪಾಲಕ್ಕೆ. ಝಾಕಿರನ ಸ್ಟುಡಿಯೋ—ಜೆರಾಕ್ಸ್ ಅಂಗಡಿಯ ಮೇಲೆ ಒಂದೇ ಕೋಣೆ, ಗೋಡೆ ತುಂಬ ಮೊಟ್ಟೆಯ ಟ್ರೇ. ಬೆಳ್ಮಣ್ಣಿನ ಹಾಡುಗಾರ ಬೆಂಜಮಿನ್ನರ ಆರಂಭದ ಕತೆಹಾಡುಗಳನ್ನು ಒಟ್ಟು ಮಾಡಿ ಆಲ್ಬಮ್ ತರುತ್ತಿದ್ದಾನೆ. ಮುನ್ನುಡಿ ನನ್ನದು. ಅಷ್ಟು ದೊಡ್ಡ ಮನುಷ್ಯನಿಗೆ ಇಷ್ಟು ಸಣ್ಣ ಮನುಷ್ಯ... ಲೋಕದ ನ್ಯಾಯ.

ಎಲ್ಲವೂ ಎಂಬತ್ತರ ದಶಕದ ಕ್ಯಾಸೆಟ್ಟುಗಳು. ರೋಸ್‌ಗಳಲ್ಲಿ ಹಾಡಿದ್ದು. ರೋಸ್ ಎಂದರೆ ಮದುವೆಯ ಹಿಂದಿನ ಸಂಜೆ ಮದುಮಗಳಿಗೆ ತೆಂಗಿನಹಾಲು ಎರೆದು, ಮನೆಯವರನ್ನೆಲ್ಲ ಹಾಡಿನಲ್ಲೇ ಗೇಲಿ ಮಾಡುವ ಕೊಂಕಣಿ ಕ್ರೈಸ್ತರ ಕ್ರಮ. ಉಳಿದವರು ನಾಲ್ಕು ಸಾಲು ಹಾಡಿ ಊಟಕ್ಕೆ ಕೂತರೆ, ಈ ಪುಣ್ಯಾತ್ಮ ಗಿಟಾರ್ ಹಿಡಿದು ಪೂರಾ ಕತೆಯನ್ನೇ ಹಾಡುತ್ತಿದ್ದರು.

ಕಾಪುವಿನ ಹಾಡು ಕೇಳಿದೆ. ಕಾರ್ಲ್ ಎಂಬವ ಹೆಣ್ಣು ನೋಡಲು ಬಸ್ಸು ಹತ್ತುತ್ತಾನೆ. ಪಕ್ಕದ ಸೀಟಿನ ಮುದುಕನ ಹತ್ತಿರ ದಾರಿಯುದ್ದಕ್ಕೂ ಹೆಣ್ಣಿನ ಅಪ್ಪನ ಜಿಪುಣತನದ ವರ್ಣನೆ. ಕಾಪುವಿನಲ್ಲಿ ಕಾರ್ಲ್ ಇಳಿಯುತ್ತಾನೆ. ಮುದುಕನೂ ಇಳಿಯುತ್ತಾನೆ. ಇಬ್ಬರಿಗೂ ಒಂದೇ ಓಣಿ. ಕೊನೆಗೆ ಇಬ್ಬರೂ ಒಂದೇ ಗೇಟಿಗೆ ಕೈ ಹಾಕುತ್ತಾರೆ. ಅಷ್ಟೇ! ಗಿಟಾರ್ ಕೂಡ ಬಾಯಿ ಮುಚ್ಚಿಕೊಳ್ಳುತ್ತದೆ. ನಾನಾಗಿದ್ದರೆ ಗೇಟಿನೊಳಗೆ ಹೋಗಿ, ಕಾಫಿ ಕುಡಿದು, ನೀತಿಪಾಠ ಹೇಳಿ ಬರುತ್ತಿದ್ದೆ.

ಒಂದು ವಿಷಯ. ಹಾಡಿನ ಮುದುಕ ಬಸ್ಸಿಳಿದಾಗಲೇ ಟೇಪಿನಲ್ಲಿ ಕೇಳುಗರ ನಡುವಿನ ಒಬ್ಬಳು ಹುಡುಗಿ ಖೊಳ್ಳೆಂದು ನಗುತ್ತಾಳೆ. ಇಡೀ ಅಂಗಳದಲ್ಲಿ ಅವಳೊಬ್ಬಳೇ. ಯಾರೆಂದು ಕೇಳಿದೆ.

"ಅಪೊಲೋನಿಯಾ ಆಂಟಿ. ಮದುಮಗಳ ಫ್ರೆಂಡ್ ಆಗಿ ಬಂದದ್ದಂತೆ," ಎಂದ ಝಾಕಿರ್. "ಮರುವರ್ಷ ಬೆಂಜಮಿನ್ ಸರ್ ಅವರನ್ನೇ ಮದುವೆ ಆದ್ರು."

ಜೂನ್ 5, ಬುಧವಾರ

ಬೆಂಜಮಿನ್ನರು ಬಂದರು. ಕೊಡೆ ಮಡಿಸುವ ಮೊದಲೇ ಆಜ್ಞೆ. "ಝಾಕಿರ್, ಆ ನಗು ತೆಗಿ."

"ಯಾಕೆ ಸರ್? ಲೈವ್ ಫೀಲ್ ಉಂಟು."

"ಕತೆ ಮುಗಿಯುವ ಮೊದಲು ನಗುವುದು ಎಂತ ಮಾರಾಯ? ಮನೆಯಲ್ಲಿಯೂ ಹಾಗೆಯೇ. ನಲವತ್ತು ವರ್ಷದಿಂದ ನನ್ನ ಕತೆಗಳನ್ನೆಲ್ಲ ಹಾಳು ಮಾಡಿದ್ದಾಳೆ. ಕ್ಯಾಸೆಟ್ಟಿನಲ್ಲಾದರೂ ನೆಟ್ಟಗೆ ಇರಲಿ."

"ಆಂಟಿಗೆ ಬೇಜಾರಾದ್ರೆ?"

"ಅವಳಿಗೆ ಎಂತ ಗೊತ್ತಾಗ್ತದೆ?"

ಕಂಪ್ಯೂಟರ್ ಪರದೆಯ ಮೇಲೆ ಆ ನಗು ಒಂದು ಹಿಡಿ ಹುಲ್ಲಿನಂತೆ ಕಾಣುತ್ತಿತ್ತು. ಝಾಕಿರ್ ಕಿತ್ತ. ಎಲ್ಲ ಹಾಡುಗಳಿಂದಲೂ.

ಜೂನ್ 9, ಭಾನುವಾರ

ಅಪೊಲೋನಿಯಾ ಬಾಯಿಯ ಫೋನ್. ಊರಿಗೆಲ್ಲ ಅವರು ಬರೀ 'ಬಾಯಿ'.

"ಅದರಲ್ಲಿ ನಾನೂ ಉಂಟಲ್ವಾ ಮಾರಾಯ್ರೇ? ಇಗರ್ಜಿಯಲ್ಲಿ ಎಲ್ಲರಿಗೂ ಹೇಳಿ ಆಯ್ತು. ದುಬೈಯ ತಂಗಿಗೂ ಹೇಳಿದೆ. ನಮ್ಮ ಯಜಮಾನರಿಗೆ ಫೋಟೋ ಉಂಟು, ಸನ್ಮಾನ ಉಂಟು, ಶಾಲು ಉಂಟು. ನನ್ನದು ಅಂತ ಇರುವುದು ಅದೊಂದೇ."

ನೆಟ್‌ವರ್ಕ್ ಇಲ್ಲ ಎಂದೆ. ಬೆಳ್ಮಣ್ಣಿನಲ್ಲಿಯೂ ಇತ್ತು, ಅಂಬಲಪಾಡಿಯಲ್ಲಿಯೂ ಇತ್ತು. ನನ್ನಲ್ಲಿ ಮಾತ್ರ ಇರಲಿಲ್ಲ.

ಜೂನ್ 12, ಬುಧವಾರ

ಬಾಯಿ ಸ್ಟುಡಿಯೋಗೆ ಬಂದೇಬಿಟ್ಟರು. ಬೆಂಜಮಿನ್ನರು ಮೊದಲೇ ಬಂದು ಕೂತಿದ್ದರು. ಒಳ್ಳೆಯ ಸೀರೆ, ಕೈಯಲ್ಲಿ ಸನ್ನ ಎಂಬ ಮೆತ್ತನೆಯ ಇಡ್ಲಿಯ ಡಬ್ಬಿ. "ನನ್ನ ಹಾಡು ಹಾಕು," ಎಂದರು ಝಾಕಿರನಿಗೆ.

ಹಾಕಿದ. ಬಸ್ಸು ಕಾಪುವಿಗೆ ಬಂತು. ಮುದುಕ ಇಳಿದ. ಆ ಜಾಗದಲ್ಲಿ... ಏನೂ ಇಲ್ಲ. ಹಲ್ಲು ಕಿತ್ತ ಜಾಗಕ್ಕೆ ನಾಲಗೆ ಹೋದಂತೆ ನಮ್ಮೆಲ್ಲರ ಕಿವಿ ಅಲ್ಲಿಗೇ ಹೋಯಿತು. ಹಾಡು ಮುಗಿಯಿತು.

"ಚಂದ ಉಂಟು," ಎಂದರು ಬಾಯಿ. "ನನ್ನ ಬಸ್ಸಿಗೆ ಹೊತ್ತಾಯ್ತು."

"ನೋಡಿದ್ರಾ? ಗೊತ್ತೇ ಆಗ್ಲಿಲ್ಲ!" ಎಂದು ಬೆಂಜಮಿನ್ನರು ನನಗೆ ಕಣ್ಣು ಹೊಡೆದರು.

ಡಬ್ಬಿ ತೆರೆಯದೆಯೇ ಬೆಳ್ಮಣ್ಣಿಗೆ ವಾಪಸು ಹೋಗಿತ್ತು. ಕತೆಗಾರರಿಗೆ ತಿಳಿಯಲು ಇಷ್ಟು ಸಾಕಾಗಬೇಕಿತ್ತು.

ಜೂನ್ 24, ಸೋಮವಾರ

ಬೆಳಿಗ್ಗೆಯೇ ಬೆಂಜಮಿನ್ನರು ನನ್ನ ಮನೆ ಬಾಗಿಲಲ್ಲಿ. ಕ್ಷೌರ ಇಲ್ಲ, ಗತ್ತೂ ಇಲ್ಲ.

"ಅವಳು ನಗುವುದಿಲ್ಲ ಮಾರಾಯ್ರೇ."

"ಜಗಳವಾ?"

"ಜಗಳ ಆದರೆ ಒಳ್ಳೆಯದಿತ್ತಲ್ಲ! ಊಟ ಹಾಕ್ತಾಳೆ, ಮಾತಾಡ್ತಾಳೆ. ನಿಟ್ಟೆಯ ಹಾಸ್ಟೆಲ್ ಬಗ್ಗೆ ಹೊಸ ಹಾಡು ಕಟ್ಟಿದೆ. ಕೂತು ಪೂರ್ತಿ ಕೇಳಿದಳು. ಕೊನೆಗೆ 'ಚಂದ ಉಂಟು' ಅಂತ. ಗೋಡೆಗೆ ಹಾಡಿದ ಹಾಗೆ. ನಗು ಎಲ್ಲಿ ಬರಬೇಕು ಅಂತ ನನಗೇ ಗೊತ್ತಾಗುವುದಿಲ್ಲ."

ಚಹಾ ಕೊಟ್ಟೆ. ಲೋಟ ಕೆಳಗಿಟ್ಟು ಹೇಳಿದರು: "ಅವಳು ಮೊದಲು ನಗ್ತಿದ್ದಳು. ಆಗ ಅಂಗಳದವರೆಲ್ಲ ಚಮಚ ಕೆಳಗಿಡ್ತಿದ್ದರು, ಏನೋ ಬರ್ತದೆ ಅಂತ. ಹಾಗೆ ನನ್ನ ಗೇಟು ತೆರೀತಿತ್ತು."

ಮುನ್ನುಡಿಗೆ ನಾನು ಮೂರು ವಾರದಿಂದ ಹುಡುಕುತ್ತಿದ್ದ ಮಾತು. ಅದನ್ನೂ ಅವರೇ ಹೇಳಬೇಕಾಯಿತು.

ಜೂನ್ 26, ಬುಧವಾರ

ಬೆಳ್ಮಣ್ಣು. ರಾಯಭಾರಿ ನಾನು. ಬಾಯಿ ಅಲಸಂಡೆ ಮುರಿಯುತ್ತಿದ್ದರು. ನಗುವನ್ನು ವಾಪಸು ಹಾಕುವ ವಿಷಯ ಹೇಳಿದೆ.

"ತೆಗೆದದ್ದು ಯಾರು?"

"ಝಾಕಿರ್," ಎಂದರು ಬೆಂಜಮಿನ್ನರು.

"ಹೇಳಿದ್ದು ಯಾರು?"

ಬೆಂಜಮಿನ್ನರು ಅಲಸಂಡೆ ಮುರಿಯಲು ಶುರು ಮಾಡಿದರು.

"ವಾಪಸು ಹಾಕುವುದಾದರೆ ಕವರಿನಲ್ಲಿ ನನ್ನ ಹೆಸರು ಬೇಕು," ಎಂದರು ಬಾಯಿ. "ತಬಲಾದ ಗಣಪನ ಹೆಸರು ಉಂಟಲ್ಲ? ಅವನು ಬಾರಿಸಿದ್ದು ಒಂದೋ ಎರಡೋ ಹಾಡಿಗೆ."

"ಅಪೊಲ್, ನಗುವವರ ಹೆಸರು ಯಾರಾದರೂ ಹಾಕ್ತಾರಾ?"

"ಬೇಡ ಹಾಗಾದರೆ. ಈಗ ಇರುವುದೇ ಚಂದ ಉಂಟು."

ಆ ಎರಡು ಶಬ್ದಕ್ಕೆ ದೊಡ್ಡ ಹಾಡುಗಾರ ಬೆಚ್ಚಿಬಿದ್ದದ್ದನ್ನು ಕಣ್ಣಾರೆ ಕಂಡೆ. "ಹಾಕಿ ಮಾರಾಯ್ರೇ, ಹಾಕಿ!"

ಅಲ್ಲಿಯೇ ಕೂತು ಬರೆದೆ. ಹಾಡು, ಗಿಟಾರ್: ಬೆಂಜಮಿನ್. ನಗು: ಅಪೊಲೋನಿಯಾ. ಬಾಯಿ ಓದಿ ನೋಡಿದರು. "ನನ್ನದು ಮೇಲೆ ಬರಲಿ. ಮೊದಲು ಬರುವುದು ನಾನಲ್ವಾ?"

ತಿದ್ದಿದೆ.

ಜೂನ್ 29, ಶನಿವಾರ, ಸಂಜೆ 4, ಸ್ಟುಡಿಯೋ

ಕಿತ್ತದ್ದನ್ನೆಲ್ಲ ಝಾಕಿರ್ ನೆಟ್ಟಿದ್ದಾನೆ. ಕೊನೆಯ ಬಾರಿ ಕೇಳಲು ಎಲ್ಲರೂ ಕೂತಿದ್ದೇವೆ. ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಕಾಪುವಿನ ಹಾಡು ಶುರು. ಕಾರ್ಲ್ ಬಸ್ಸು ಹತ್ತಿದ. ಬೆಂಜಮಿನ್ನರಿಗೆ ಹಾಡಿನ ಮೇಲೆ ಗಮನವಿಲ್ಲ, ಹೆಂಡತಿಯ ಮುಖವನ್ನೇ ನೋಡುತ್ತಿದ್ದಾರೆ. ನನ್ನ ಪಕ್ಕದಲ್ಲಿ ಕೂತ ಬಾಯಿ ಸೆರಗನ್ನು ತುಟಿಗೆ ಒತ್ತಿಕೊಂಡಿದ್ದಾರೆ. ಟೇಪಿನ ಹುಡುಗಿಯ ಸರದಿ ಬರಲು ಇನ್ನೂ ಎರಡು ಸಾಲು ಉಂಟು, ಮುದುಕ ಸೀಟಿನಿಂದ ಎದ್ದೇ ಇಲ್ಲ, ಅಷ್ಟರಲ್ಲೇ ನನ್ನ ಪಕ್ಕದ ಕುರ್ಚಿಯಿಂದ—