ಆಗಸ್ಟ್‌ನ ರಶ್ ವಾರವನ್ನು ಜನವರಿಗೆ ಹಾಕಿ

ಮಾನ್ಯ ಡೀನ್ ಅವರೇ,

ನನಗೆ ಭಯವಾಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದೆಲ್ಲ ಸಿಟ್ಟಿನಂತೆ ಕಾಣಬಹುದು. ನಿಮ್ಮ ವಿಶ್ವವಿದ್ಯಾಲಯದಲ್ಲಿ ತರಗತಿಗಳು ಶುರುವಾಗುವುದಕ್ಕೆ ಹತ್ತು ದಿನ ಮೊದಲೇ ಸೊರಾರಿಟಿ ಎಂಬ ವಿದ್ಯಾರ್ಥಿನಿ ಸಂಘಗಳು ತಮ್ಮ ಮನೆಗಳಿಗೆ ಹೊಸ ಹುಡುಗಿಯರನ್ನು ಆರಿಸಿಕೊಳ್ಳುತ್ತವೆ; ಅದೇ ರಶ್ ವಾರ. ಆಗ ಪ್ರಾಧ್ಯಾಪಕರು ರಜೆಯಲ್ಲಿರುತ್ತಾರೆ, ಆರೋಗ್ಯ ಕೇಂದ್ರ ಅರ್ಧ ದಿನ ತೆರೆದಿರುತ್ತದೆ, ಕೊಠಡಿಯ ಜೊತೆಗಾತಿ ಇನ್ನೂ ಊರಿನಿಂದ ಬಂದಿರುವುದಿಲ್ಲ. ಹದಿನೆಂಟರ ಹುಡುಗಿಯನ್ನು ಹೆಸರು ಹಿಡಿದು ಕರೆಯುವ ಒಂದು ಜೀವವೂ ಇಲ್ಲದ ಆ ವಾರದಲ್ಲೇ ಅವಳು ತಕ್ಕವಳೋ ಅಲ್ಲವೋ ಎಂದು ತೀರ್ಪು ಕೊಡಬೇಕೆಂದು ನಿಶ್ಚಯಿಸಿದ ಮಹಾನುಭಾವರು ಯಾರು? ಇದಕ್ಕಿಂತ ಪ್ರಶಸ್ತವಾದ ಮುಹೂರ್ತ ನಿಮ್ಮ ಕ್ಯಾಲೆಂಡರಿನಲ್ಲಿ ಸಿಗಲಿಲ್ಲವೇ?

ನನ್ನ ಮಗಳಿಗೆ ಒಂಬತ್ತನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ಮೈಗೆ ಅಂಟಿಸಿಕೊಂಡ ಪುಟ್ಟ ಬಿಲ್ಲೆಯೊಂದು ಅವಳ ಸಕ್ಕರೆಯನ್ನು ಅಳೆದು ಅವಳ ಫೋನಿಗೆ ಹೇಳುತ್ತದೆ, ಅವಳ ಫೋನು ನನ್ನ ಫೋನಿಗೆ. ಅಂಕಿ ಎಪ್ಪತ್ತಕ್ಕಿಂತ ಕೆಳಗಿಳಿದರೆ ಎರಡೂ ಕಿರುಚಿಕೊಳ್ಳುತ್ತವೆ. ನಿಮ್ಮ ರಶ್ ವಾರದ ನಿಯಮವೋ, ಮನೆಯೊಳಗೆ ಹೋಗುವ ಮೊದಲು ಫೋನು, ಕೈಚೀಲ ಎಲ್ಲವನ್ನೂ ಹೊರಗಿನ ಹುಲ್ಲಿನ ಮೇಲೆ ಸಾಲಾಗಿ ಇಡಬೇಕು. ಸಕ್ಕರೆ ಇಳಿದಾಗ ಅವಳು ತಿನ್ನಬೇಕಾದ ಗ್ಲೂಕೋಸ್ ಗುಳಿಗೆಗಳಿರುವುದೂ ಆ ಚೀಲದಲ್ಲೇ.

ಹಿಂದಿನ ದಿನ ಫೋನಿನಲ್ಲಿ ಕೇಳಿದೆ. "ಅಲ್ಲಿನವರಿಗೆ ಹೇಳಿದ್ಯೇನೇ?"

"ಯಾರಿಗೆ ಹೇಳ್ಲಿ ಅಮ್ಮಾ? ಒಬ್ಬರ ಮುಖಾನೂ ಗೊತ್ತಿಲ್ಲ. ಕಾಯಿಲೆಯವಳು ಅಂತ ಮೊದಲ್ನೇ ದಿನಾನೇ ಗೊತ್ತಾದ್ರೆ ಯಾರು ಕರೀತಾರೆ ನನ್ನ?"

"ಆ ಬಿಲ್ಲೆ ತೋಳಿನ ಮೇಲೆ ಕಾಣಿಸಲ್ವಾ?"

"ಹೊಟ್ಟೆಗೆ ಅಂಟಿಸ್ಕೊಂಡಿದೀನಿ. ತೋಳಿಲ್ಲದ ಫ್ರಾಕು ಅಲ್ವಾ, ಜಾಣೆ ನಾನು!"

ಆಗಲೇ ಕಾರು ಹತ್ತಬೇಕಿತ್ತು. ಹತ್ತಲಿಲ್ಲ. ಹದಿನೆಂಟರಲ್ಲಿ ನಾನೂ ಅದೇ ಹುಲ್ಲಿನ ಮೇಲೆ ನಿಂತು ನಕ್ಕವಳು, ಒಂದು ಮನೆಗೆ ಸೇರಿದವಳು. ಮರುವರ್ಷ ಇದೇ ಮಗಳು ಹೊಟ್ಟೆಯಲ್ಲಿದ್ದಾಗ ಆ ಮನೆಯ ‘ಸೋದರಿ’ಯರು ನನ್ನ ಸದಸ್ಯತ್ವದ ಬ್ಯಾಡ್ಜನ್ನು ನಗುನಗುತ್ತಲೇ ವಾಪಸು ಕೇಳಿದರು. ಅಷ್ಟಾದರೂ ಈ ಆಗಸ್ಟಿನಲ್ಲಿ ಅವಳ ಐದು ಫ್ರಾಕುಗಳಿಗೆ ಇಸ್ತ್ರಿ ಹಾಕಿ ಕಳಿಸಿದವಳು ನಾನೇ. ಕೂಸನ್ನು ಕಟ್ಟಿಕೊಂಡೇ ಪದವಿ ಮುಗಿಸಿದೆ, ಬುದ್ಧಿ ಮಾತ್ರ ಬರಲಿಲ್ಲ.

ಶನಿವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಅಂಕಿ ಎಂಬತ್ನಾಲ್ಕು, ಬಾಣದ ಗುರುತು ಕೆಳಮುಖ. ಆಮೇಲೆ ಏನೂ ಇಲ್ಲ; ಫೋನು ಹುಲ್ಲಿನ ಮೇಲೆ, ಅವಳು ಒಳಗೆ. ನಿಮ್ಮ ಆಯ್ಕೆ ಕಚೇರಿಗೆ ಕರೆ ಮಾಡಿದೆ.

"ಮೇಡಂ, ಒಳಗೆ ಹೋದವ್ರನ್ನ ಮಧ್ಯದಲ್ಲಿ ಕರೆಯೋ ಹಾಗಿಲ್ಲ. ಒಬ್ರನ್ನ ಕರೆದ್ರೆ ಉಳಿದವ್ರಿಗೆ ಅನ್ಯಾಯ ಆಗತ್ತೆ."

"ನನ್ನ ಮಗಳು ಎಚ್ಚರ ತಪ್ಪಬಹುದಮ್ಮಾ!"

"ಅಯ್ಯೋ, ಹೌದಾ? ಈಗ ಯಾವ ಮನೇಲಿದಾಳೆ ಅಂತ ಗೊತ್ತಾ ನಿಮಗೆ?"

ನನಗೆ ಗೊತ್ತಾ! ನಾಲ್ಕು ಗಂಟೆ ದಾರಿಯಾಚೆ ನಮ್ಮೂರು ಡೋಥನ್‌ನ ಅಡುಗೆಮನೆಯಲ್ಲಿ ನಿಂತಿದ್ದ ನನಗೆ!

ಒಳಗೆ ನಡೆದದ್ದು ಸಂಜೆ ತಿಳಿಯಿತು. ಅವಳ ಎದುರಿಗೇ ಸಿಹಿ ನಿಂಬೆ ಶರಬತ್ತಿನ ಲೋಟವಿತ್ತಂತೆ. ಎರಡು ಗುಟುಕು ಸಾಕಿತ್ತು. ಮುಟ್ಟಲಿಲ್ಲ. ಮಾತಿನ ನಡುವೆ ಕುಡಿಯುವ ಹುಡುಗಿಯರನ್ನು ಮನೆಗಳು ಆರಿಸುವುದಿಲ್ಲವೆಂದು ಯಾರೋ ಹಿರಿಯ ವಿದ್ಯಾರ್ಥಿನಿ ಹೇಳಿಕೊಟ್ಟಿದ್ದಳು. ಕೈ ನಡುಗುತ್ತಿತ್ತು, ಬೆವರು ಇಳಿಯುತ್ತಿತ್ತು, ಅವಳು ನಗುತ್ತಲೇ ಇದ್ದಳು. ಎದುರಿಗಿದ್ದವಳಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ತಟ್ಟೆ ತೆಗೆಯಲು ಬಂದ ಅಡುಗೆಯ ವರ್ಲೀನ್ ಎಂಬಾಕೆಗೆ.

"ಏನ್ ಕೂಸೇ, ಹಿಂಗ್ ಗಡಗಡ ಅಂತಿದೀಯ? ನಮ್ಮ ಯಜಮಾನ್ರಿಗೂ ಹಿಂಗೇ ಆಗ್ತಿತ್ತು. ಕುಡಿ ಮೊದ್ಲು. ನಗೋದು ಆಮೇಲೆ ನಗುವಂತೆ."

ಆ ತಾಯಿಗೆ ನಿಮ್ಮ ನಿಯಮಾವಳಿ ಓದಲು ಕೊಟ್ಟಿರಲಿಲ್ಲ, ನನ್ನ ಪುಣ್ಯ.

ಮರುದಿನ ಅದೇ ಮನೆಯಿಂದ ಕರೆಯೋಲೆ ಬಂತು. ಮಗಳು ಕುಣಿದಾಡುತ್ತಾ ಹೇಳಿದಳು: "ನೋಡಮ್ಮಾ, ಅಡುಗೆಯವರೊಬ್ರನ್ನ ಬಿಟ್ರೆ ಯಾರಿಗೂ ಗೊತ್ತಾಗ್ಲೇ ಇಲ್ಲ!" ಅಂದಿನಿಂದ ನನಗೆ ನಿದ್ದೆಯಿಲ್ಲ. ವಿಶ್ವವಿದ್ಯಾಲಯದಲ್ಲಿ ಅವಳು ಕಲಿತ ಮೊದಲ ಪಾಠ ಅದು, ಡೀನ್ ಅವರೇ. ಪ್ರಾಣ ಹೋಗುತ್ತಿದ್ದರೂ ಯಾರಿಗೂ ಗೊತ್ತಾಗದಂತೆ ನಗುವುದು.

ಬೇಗ ಸೇರಿದರೆ ಬೇಗ ಗೆಳತಿಯರು ಸಿಗುತ್ತಾರೆ ಎಂದು ನಿಮ್ಮ ಕೈಪಿಡಿ ಹೇಳುತ್ತದೆ. ಇರಬಹುದು. ಆದರೆ ಒಂದು ಚಳಿಗಾಲದವರೆಗೆ ಕಾದರೆ ಓಡಿಹೋಗುವಂಥ ಗೆಳತಿಯರೇ ಅವರು? ಜನವರಿಯ ಹೊತ್ತಿಗೆ ಜೊತೆಗಾತಿಗೆ ಇವಳ ನಡುಕದ ಅರ್ಥ ತಿಳಿದಿರುತ್ತದೆ, ಒಬ್ಬ ಮೇಷ್ಟ್ರಿಗೆ ಇವಳ ಹೆಸರು ಗೊತ್ತಿರುತ್ತದೆ, ಮುಚ್ಚಿಡುವ ಹಟವೂ ಸ್ವಲ್ಪ ಸಡಿಲವಾಗಿರುತ್ತದೆ. ಆದ್ದರಿಂದ ಹುಡುಗಿಯರ ಮನೆಗಳದ್ದಿರಲಿ, ಹುಡುಗರ ಮನೆಗಳದ್ದಿರಲಿ, ಮುಂದಿನ ವರ್ಷದಿಂದ ಆಯ್ಕೆ ಮೊದಲ ಸೆಮಿಸ್ಟರ್ ಮುಗಿದ ಮೇಲೆಯೇ ನಡೆಯಬೇಕು. ಇದು ಎಲ್ಲ ಮಕ್ಕಳ ಪರವಾಗಿ ನನ್ನ ಒತ್ತಾಯ.

ಇನ್ನೊಂದು ನನ್ನ ಮಗಳಿಗಾಗಿ, ಅದು ಇವತ್ತೇ ಆಗಬೇಕು. ಈ ಪತ್ರ ಬರೆಯುತ್ತೇನೆಂದು ನಿನ್ನೆ ಅವಳಿಗೆ ಹೇಳಿದೆ. "ಬರೀಬೇಡಮ್ಮಾ, ನನ್ನನ್ನ ಹೊರಗೆ ಹಾಕ್ತಾರೆ," ಎಂದು ಅತ್ತಳು. ಆಮೇಲೆ ಅವಳ ಅಂಕಿಗಳು ನನ್ನ ಫೋನಿಗೆ ಬರದಂತೆ ಬಂದ್ ಮಾಡಿದಳು. ಕರೆ ಮಾಡಿದರೆ ಎತ್ತುತ್ತಿಲ್ಲ. ಈ ಪತ್ರವನ್ನು ಎಲ್ಲರೂ ಓದುವರಾದ್ದರಿಂದ ಅವಳ ಹೆಸರು, ಕೊಠಡಿ ಸಂಖ್ಯೆಯನ್ನು ಈಗಷ್ಟೇ ನಿಮ್ಮ ಕಚೇರಿಗೆ ಬೇರೆ ಇಮೇಲಿನಲ್ಲಿ ಕಳಿಸಿದ್ದೇನೆ. ನಾನು ಹೊರಟಿದ್ದೇನೆ, ಆದರೆ ದಾರಿ ಉದ್ದ. ಅಷ್ಟರೊಳಗೆ ಯಾರನ್ನಾದರೂ ಕಳಿಸಿ ಒಮ್ಮೆ ಬಾಗಿಲು ತಟ್ಟಿಸಿ. ಚೆನ್ನಾಗಿದ್ದೇನೆ ಎಂದು ಅವಳು ನಕ್ಕರೆ ನಂಬಬೇಡಿ, ಕೈ ಹಿಡಿದು ನೋಡಿ.

ಇಂತಿ,
ಮಗಳಿಗೆ ತೊಂದರೆಯಾದೀತೆಂದು ತನ್ನ ಹೆಸರನ್ನೂ ಬರೆಯಲಾರದ
ಡೋಥನ್‌ನ ಒಬ್ಬ ತಾಯಿ