ಹತ್ತನೆಯ ಕಾಲೇಜಿನ ದಾರಿ

ಅಕ್ಟೋಬರ್ 11, ಶನಿವಾರ

‘ಬಯಲಲ್ಲಿ ಯಾರೂ ಕಳೆದುಹೋಗುವುದಿಲ್ಲ…’ ಮುಂದೇನೋ ಇತ್ತು. ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಯಲ್ಲಿ ಯಾವಳೋ ವಿದ್ಯಾರ್ಥಿನಿ ಬರೆದದ್ದು. ಬೆಳಗಿನ ಕಾಫಿಯಿಂದ ಇದೇ ಸಾಲು ತಲೆಯಲ್ಲಿ. ನಿಜವೇ? ಮರೆಯಿಲ್ಲದಿರುವುದು ಬೇರೆ, ಕಳೆದುಹೋಗದಿರುವುದು ಬೇರೆ.

ನಿನ್ನೆ ಡ್ರೈ ಫೋರ್ಕ್ ಕಾಲೇಜು ನೋಡಿ ಬಂದೆವು. ನೆಬ್ರಾಸ್ಕಾ ರಾಜ್ಯದ ಪಶ್ಚಿಮದ ತುದಿ. ನಮ್ಮ ಕ್ರೀಡಾ ಒಕ್ಕೂಟದಲ್ಲಿ ಒಂಬತ್ತು ಕಾಲೇಜುಗಳಿವೆ. ಹತ್ತನೆಯದಾಗಿ ಸೇರಿಸಿಕೊಳ್ಳಿ ಎಂದು ಅವರ ಕೋರಿಕೆ. ಒಕ್ಕೂಟದ ಸಮಿತಿಯವರೆಲ್ಲ ಕರಗಿಹೋದರು. ಹೊಂಬಣ್ಣದ ಹುಲ್ಲು, ನುಣ್ಣನೆಯ ರಸ್ತೆ, ಚಿಲ್ಲಿ ಸೂಪಿನ ಜೊತೆ ದಾಲ್ಚಿನ್ನಿಯ ಸಿಹಿ ರೋಲ್, ನಮ್ಮನ್ನು ಸ್ವಾಗತಿಸಲು ಊರಿಗೆ ಊರೇ ಕಾಲೇಜಿನ ಒಳಾಂಗಣ ಕ್ರೀಡಾಂಗಣದಲ್ಲಿ. ನನ್ನ ಕಣ್ಣು ಮಾತ್ರ ಹೆದ್ದಾರಿಯ ಗೇಟಿನ ಮೇಲೆ. ಹಿಮಗಾಳಿ ಎದ್ದಾಗ ರಸ್ತೆ ಮುಚ್ಚುವ ಕಬ್ಬಿಣದ ಗೇಟು. ಈಗ ಅದಕ್ಕೆ ಹುಲ್ಲು ಸುತ್ತಿಕೊಂಡಿದೆ.

ಯಾವಾಗಲೂ ಹೀಗೇ. ಕಾಲೇಜು ನೋಡಲು ನಾವು ಹೋಗುವುದು ಅಕ್ಟೋಬರಿನಲ್ಲಿ. ಆಡಲು ಮಕ್ಕಳು ಹೋಗುವುದು ಫೆಬ್ರವರಿಯಲ್ಲಿ.

ಅಕ್ಟೋಬರ್ 14

ತರಗೆಲೆ ಗುಡಿಸುತ್ತಿದ್ದೆ. ಪಕ್ಕದ ಮನೆಯ ಲವೋನ್ ಬೇಲಿಗೆ ಒರಗಿದಳು. ಅವಳ ತವರು ಡ್ರೈ ಫೋರ್ಕ್.

“ಏನಮ್ಮಾ ಪ್ರೊಫೆಸರ್, ನಮ್ಮೂರು ಪಾಸೋ ಫೇಲೋ?”

“ದೂರ ಆಯ್ತು ಲವೋನ್.”

“ದೂರ ಅಂತೆ ದೂರ! ನಮ್ಮಪ್ಪ ಒಂದು ಹಲ್ಲು ಕೀಳಿಸ್ಕೊಳ್ಳೋಕೆ ಅಷ್ಟು ದೂರ ಹೋಗಿ ಬರ್ತಿದ್ದ. ಪದ್ಯದಲ್ಲಿ ಹಿಮ ಬಿದ್ರೆ ಆಹಾ ಅಂತೀಯ, ರಸ್ತೇಲಿ ಬಿದ್ರೆ ಮಾತ್ರ ನಡುಕ.” ನಕ್ಕಳು. ಆಮೇಲೆ ದನಿ ಇಳಿಸಿ, “ನೀವು ಸೇರಿಸ್ಕೊಳ್ದಿದ್ರೆ ಆ ಕಾಲೇಜು ಮುಚ್ಚತ್ತೆ ಕಣೇ. ಅದು ಮುಚ್ಚಿದ್ರೆ ಊರೂ ಮುಗೀತು.”

ಗೊತ್ತು. ಆ ಭಯವೂ ಇದೆ.

ನವೆಂಬರ್ 20

ಮತ ನಾಲ್ಕು–ನಾಲ್ಕು. ಉಳಿದದ್ದು ನಮ್ಮ ಕಾಲೇಜಿನದು. ಕಾಲೇಜಿನ ಅಧ್ಯಕ್ಷರು “ನಿಮಗೇ ಬಿಟ್ಟಿದ್ದೀನಿ” ಎಂದುಬಿಟ್ಟರು. ಬೋಧಕರ ಪರವಾಗಿ ಸಮಿತಿಯಲ್ಲಿ ಕೂತದ್ದಕ್ಕೆ ಇದು.

ಎದ್ದು ನಿಂತು ಹೇಳಿದೆ — ನಮ್ಮದೊಂದು ತಂಡ ಅಲ್ಲಿ ಆಡಿ ಬರಲಿ, ನಡುಚಳಿಯಲ್ಲಿ. ಆಮೇಲೆ ನಮ್ಮ ಮತ. ಎಂಥ ವಿವೇಕ ಎಂದರು ಎಲ್ಲರೂ. ದಿನಾಂಕ ನಿಗದಿಯಾಯಿತು, ಫೆಬ್ರವರಿ 7. ಅಂದು ಬಿಡುವಿರುವ ತಂಡ ಒಂದೇ, ಹುಡುಗಿಯರ ಬಾಸ್ಕೆಟ್‌ಬಾಲ್.

ನನ್ನ ಮಗಳು ಮಾರಿಟ್‌ಳ ತಂಡ.

ಬೇಡ ಎನ್ನಲು ಬಾಯಿ ಬರಲಿಲ್ಲ. ಬೇರೆಯವರ ಮಕ್ಕಳಾದರೆ ಸರಿ ಎಂದಂತಾಗುತ್ತಿತ್ತು…

ಫೆಬ್ರವರಿ 6, ಸಂಜೆ

ಮಾರಿಟ್ ಬ್ಯಾಗು ತುಂಬುತ್ತಿದ್ದಾಳೆ. ನಾನು ಮತ್ತೊಂದು ಕಂಬಳಿ ತುರುಕಿದೆ.

“ಅಮ್ಮಾ, ಧ್ರುವಕ್ಕೆ ಹೋಗ್ತಿಲ್ಲ ನಾನು. ಹವಾಮಾನ ಚೆನ್ನಾಗಿದೆಯಂತೆ.” ಆಮೇಲೆ ತುಂಟ ನಗೆ: “ನಿಜ ಹೇಳು. ಸ್ವಲ್ಪ ಹಿಮ ಬೀಳ್ಲಿ, ನನ್ನ ಮಾತೇ ಗೆಲ್ಲಲಿ ಅಂತ ಒಳಗೊಳಗೇ ಆಸೆ ತಾನೇ?”

ನಕ್ಕೆ. ಈಗ ನಗು ಬರುತ್ತಿಲ್ಲ.

ಫೆಬ್ರವರಿ 7, ಮಧ್ಯಾಹ್ನ 3

ಗೆದ್ದರಂತೆ! ಬಸ್ಸು ಹೊರಟಿದೆ. ಇಲ್ಲಿ ಗಾಳಿ ದಿಕ್ಕು ಬದಲಿಸಿದೆ.

5 ಗಂಟೆ

ಹೆದ್ದಾರಿಯ ಗೇಟು ಹಾಕಿದ್ದಾರೆ. ಎರಡೂ ಕಡೆ. ಬಸ್ಸು ಆ ಕಡೆಯ ಗೇಟು ದಾಟಿದೆಯಂತೆ, ಈ ಕಡೆಯದು ದಾಟಿಲ್ಲ… ಅಂದರೆ ನಡುವೆ. ಮಾರಿಟ್‌ಳ ಫೋನು ಸಿಗುತ್ತಿಲ್ಲ. ಕೋಚ್ ವೊಸ್‌ರದೂ.

ಕಿಟಕಿಯಾಚೆ ಏನೂ ಇಲ್ಲ. ಬಿಳಿ ಕೂಡ ಅಲ್ಲ, ಏನೂ ಇಲ್ಲ.

6.30

ಕೋಚ್‌ರ ಹೆಂಡತಿಗೂ ತಿಳಿಯದು. “ನಿಮಗೇನಾದ್ರೂ ಗೊತ್ತಾಯ್ತಾ?” — ನಾನು ಕೇಳಬೇಕೆಂದಿದ್ದನ್ನು ಅವರೇ ಕೇಳಿದರು. ರಸ್ತೆ ಕೆಟ್ಟದ್ದು ಎನ್ನಲು ಪುರಾವೆ ಬೇಕಿತ್ತು ನನಗೆ. ಅದನ್ನು ತರಲು ಮಗಳನ್ನೇ ಕಳಿಸಿದೆ. ದೇವರೇ, ನನ್ನ ಮಾತು ಸುಳ್ಳಾಗಲಿ. ನಾಳೆಯೇ ಡ್ರೈ ಫೋರ್ಕ್ ಪರವಾಗಿ ಕೈ ಎತ್ತುತ್ತೇನೆ, ಸುಳ್ಳಾಗಲಿ.

ಗಾಳಿ ತುಸು ತಗ್ಗಿದಾಗ ಕಂಡಿತು, ಲವೋನ್‌ಳ ಅಡುಗೆಮನೆಯಲ್ಲಿ ದೀಪ. ಫೋನು ಕಿವಿಗಿಟ್ಟು ಅತ್ತಿಂದಿತ್ತ ನಡೆಯುತ್ತಿದ್ದಾಳೆ.

ಸಾಲಿನ ಉಳಿದರ್ಧ ಈಗ ನೆನಪಾಯಿತು. ಯಾಕಾದರೂ ನೆನಪಾಯಿತೋ. ‘…ಹುಡುಕುವವರಿಗೆ ಮಾತ್ರ ಸಿಗುವುದಿಲ್ಲ.’

8 ದಾಟಿದೆ

ಈಗಲೇ ಬರೆದುಬಿಡಬೇಕು.

ಬಾಗಿಲು ಬಡಿದಳು ಲವೋನ್. ಕೋಟಿಲ್ಲ, ಕಾಲಲ್ಲಿ ಮನೆಯ ಚಪ್ಪಲಿ.

“ಇದಾರೆ ಕಣೇ! ಎಲ್ಲಾರೂ ಇದಾರೆ. ಬಸ್ಸು ರಸ್ತೆ ಬಿಟ್ಟು ಹೊಲಕ್ಕೆ ಇಳಿದಿತ್ತಂತೆ. ನಮ್ಮಣ್ಣ ಗೇಲನ್ ಊರವರನ್ನೆಲ್ಲ ಕಟ್ಕೊಂಡು, ಬೇಲಿ ತಂತಿ ಹಿಡ್ಕೊಂಡೇ ನಡೆದು ಹೋದ. ಈಗ ಚರ್ಚಿನ ನೆಲಮಾಳಿಗೇಲಿ ಕೂರ್ಸಿ ಸೂಪು ಕೊಡ್ತಿದಾರೆ. ನಿನ್ನ ಮಗಳು ಎರಡನೇ ರೋಲ್ ಕೇಳಿದಳಂತೆ.”

ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅತ್ತೆನೋ ಏನೋ.

“ಇಷ್ಟೆಲ್ಲ ಮಾಡಿದೋರನ್ನ ಇನ್ನು ಬೇಡ ಅಂತ ಹೇಗೆ ಅನ್ನಲಿ, ಲವೋನ್? ಸೇರಿಸ್ಕೊಳ್ತೀವಿ. ಹೇಳು ನಿಮ್ಮಣ್ಣನಿಗೆ.”

ಅವಳು ನನ್ನ ಮುಖ ನೋಡಲಿಲ್ಲ. ಮೆಟ್ಟಿಲ ಮೇಲೆ ಆಗಲೇ ಮುಚ್ಚಿಹೋಗುತ್ತಿದ್ದ ತನ್ನದೇ ಹೆಜ್ಜೆ ಗುರುತು ನೋಡುತ್ತಿದ್ದಳು.

“ನೀನು ಹೀಗಂತೀಯ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ಒಂದು ಮಾತು ಹೇಳಿ ಕಳ್ಸಿದಾನೆ — ಈ ಸಲವೇನೋ ಮಕ್ಕಳು ಸಿಕ್ಕಿದ್ರು, ಅಂತ.”